ನೆಲದ ಮೇಲಿನ ಎಣ್ಣೆ

ಎದೆಗೆ ಅಂಟಿಸಿದ್ದ ಹೆಸರಿನ ಚೀಟಿ ಮೂರನೆಯ ಸಲ ಕಳಚಿ ಮಡಿಲಿಗೆ ಬಿದ್ದಾಗ ಅವಳು ಅದನ್ನು ತಟ್ಟನೆ ಅಂಗೈಯಲ್ಲಿ ಮುಚ್ಚಿಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು. ಗೋಡೆಗೆ ಒತ್ತಿಟ್ಟ ಕುರ್ಚಿಗಳಲ್ಲಿ ಕೂತಿದ್ದ ಉಳಿದ ಹತ್ತು ಜನರ ಚೀಟಿಗಳು ನೆಟ್ಟಗೆ ಅಂಟಿಕೊಂಡಿದ್ದವು. ಅವರ ಅಂಗಿಯ ಬಟ್ಟೆಯೇ ಬೇರೆ ಇರಬೇಕು. ತನ್ನದು ಗಂಜಿ ಹೆಚ್ಚಾಗಿ ರಟ್ಟಿನ ಹಾಗೆ ಸೆಟೆದುಕೊಂಡಿತ್ತು. ಗಂಜಿ ಹಾಕಿದವಳು ಅಕ್ಕ. ಲಾಂಡ್ರಿಯಲ್ಲಿ ದಿನವಿಡೀ ಲಾಡ್ಜುಗಳ ಹಾಸುಬಟ್ಟೆ ಮಡಚುವ ಅಕ್ಕ ನಿನ್ನೆ ಸಂಜೆ ಮೇಲ್ವಿಚಾರಕನ ಕಣ್ಣು ತಪ್ಪಿಸಿ ಅಲ್ಲಿಯ ದೊಡ್ಡ ಯಂತ್ರದಲ್ಲೇ ಇಸ್ತ್ರಿ ಮಾಡಿಸಿ, ಪೇಪರಿನಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡವಳಂತೆ ಎರಡೂ ತೋಳಿನ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ನಿಂತೇ ತಂದಿದ್ದಳು. 'ಮೆಲ್ಲಗೆ ಹಾಕ್ಕೊಳ್ಳೇ ಪೀಚು, ಮುರಿದೀತು' ಎಂದು ನಕ್ಕಿದ್ದಳು. ಈಗ ಆ ಅಂಗಿ ಪ್ರತಿ ಉಸಿರಿಗೂ ಸಣ್ಣಗೆ ಸದ್ದು ಮಾಡುತ್ತಿತ್ತು. ಉಸಿರು ಬಿಗಿಹಿಡಿದರೆ ಸದ್ದಿಲ್ಲ. ಆದರೆ ಎಷ್ಟು ಹೊತ್ತು ಹಿಡಿಯುವುದು? ಪಕ್ಕದಲ್ಲಿದ್ದ, ಟೈ ಕಟ್ಟಿಕೊಂಡು ಬಂದಿದ್ದ ಹುಡುಗ ಅವಳ ಕಡೆ ತಿರುಗಿ, 'ಯಾಕೆ ಈ ಕಂಪನಿಗೇ ಬರಬೇಕು ಅನ್ನಿಸ್ತು ಅಂತ ಕೇಳ್ತಾರಂತೆ. ನೀವೇನು ಹೇಳ್ತೀರಿ?' ಎಂದ. ಅವಳು 'ಇನ್ನೂ ಯೋಚಿಸ್ತಿದ್ದೀನಿ' ಎಂದಳು. 'ನಾನು ನನ್ನ ಬಾಲ್ಯದ ನೆನಪು ಹೇಳ್ತೀನಿ. ಹುಟ್ಟಿದ ದಿನಕ್ಕೆಲ್ಲ ನಮ್ಮಪ್ಪ ಇವರ ಅಂಗಡಿಗೇ ಕರ್ಕೊಂಡು ಬರ್ತಿದ್ರು, ನಿಜವಾಗ್ಲೂ' ಎಂದು ಅವನು ತನ್ನಷ್ಟಕ್ಕೆ ಖುಷಿಪಟ್ಟ. ನಿಜವಾದದ್ದನ್ನು ಹೇಳಿದರೆ ಸಾಕಾಗುವ ಜನರೂ ಇದ್ದಾರಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಅವಳು ಗ್ರಂಥಾಲಯದಿಂದ ತಂದು ತಿಂಗಳೆಲ್ಲ ಉರುಹೊಡೆದ ಪುಸ್ತಕದಲ್ಲಿ ಸಂದರ್ಶನದ ನೂರು ಪ್ರಶ್ನೆಗಳಿದ್ದವು. ತೊಂಬತ್ತೊಂಬತ್ತಕ್ಕೂ ಉತ್ತರ ಸಿದ್ಧವಾಗಿತ್ತು. ಹದಿನೇಳನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು: ಕಷ್ಟದ ಸಮಯದಲ್ಲಿ ನೀವು ಮುಂದೆ ನಿಂತು ನಾಲ್ಕು ಜನರನ್ನು ನಡೆಸಿದ ಸಂದರ್ಭವೊಂದನ್ನು ವಿವರಿಸಿ. ಅದಕ್ಕೆ ಕಾಲೇಜಿನ ಪ್ರವಾಸದಲ್ಲಿ ಬಸ್ಸು ಕೆಟ್ಟು ನಿಂತ ಕಥೆಯನ್ನು ಇಟ್ಟುಕೊಂಡಿದ್ದಳು. ಬಸ್ಸು ಕೆಟ್ಟದ್ದು ನಿಜ. ಆದರೆ ರಸ್ತೆಯ ಮಧ್ಯಕ್ಕೆ ಹೋಗಿ ಲಾರಿಗೆ ಕೈ ಅಡ್ಡ ಹಾಕಿದವಳು ಬೇರೊಬ್ಬ ಹುಡುಗಿ. ತಾನು ಮೈಲಿಗಲ್ಲಿನ ಮೇಲೆ ಕೂತು, ನೀರಿನ ಬಾಟಲಿ ಯಾರಾದರೂ ಕೇಳಿದರೆ ಕೊಡಬೇಕಾಗುತ್ತದಲ್ಲ ಎಂದು ಅದನ್ನು ಚೀಲದ ತಳಕ್ಕೆ ತುರುಕಿದ್ದಳು. ಇಪ್ಪತ್ತಮೂರು ವರ್ಷದಲ್ಲಿ ಒಂದು ಸಲವಾದರೂ ಯಾರ ಮುಂದಾದರೂ ನಿಂತದ್ದುಂಟೇ ಎಂದು ಹುಡುಕಿ ಹುಡುಕಿ, ಶಾಲೆಯಲ್ಲಿ ಸಾಲಿನ ಮುಂದೆ ನಿಲ್ಲಿಸುತ್ತಿದ್ದದ್ದು ತಾನು ಕುಳ್ಳಿ ಎಂಬ ಕಾರಣಕ್ಕೆ ಎಂಬುದು ಮಾತ್ರ ನೆನಪಾಗಿ, ತನಗೆ ತಾನೇ ನಕ್ಕಿದ್ದಳು. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಕೆಳಗಿನಿಂದ ಕಾದ ಎಣ್ಣೆಯ ವಾಸನೆ ಮೇಲೆ ಬರುತ್ತಿತ್ತು. ಕಟ್ಟಡದ ನೆಲ ಅಂತಸ್ತಿನಲ್ಲಿ ಕಂಪನಿಯದೇ ಕರಿದ ತಿಂಡಿಯ ಅಂಗಡಿ, ನಾಲ್ಕನೆಯದರಲ್ಲಿ ಕಚೇರಿ. ಲಾಂಡ್ರಿಗೆ ಸೇರುವ ಮೊದಲು ಎಷ್ಟೋ ವರ್ಷ ಅಕ್ಕನ ಕೂದಲಿಗೆ ಇದೇ ವಾಸನೆಯಿತ್ತು. ಒಂದೇ ಹಾಸಿಗೆಯಲ್ಲಿ ಮಲಗುವಾಗ ಅವಳು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಅಕ್ಕ ಒಂದು ದಿನ ಏನೂ ಹೇಳದೆ ತಲೆಗೆ ಟವೆಲು ಕಟ್ಟಿಕೊಂಡು ಮಲಗಿದಳು. ಆಮೇಲೆ ದಿನವೂ ಹಾಗೇ ಮಲಗಿದಳು.

ಕರೆ ಬಂದಾಗ ಚೀಟಿ ಎದೆಯ ಮೇಲಿರಲಿಲ್ಲ. ಬೆವರಿದ ಅಂಗೈಯಲ್ಲಿ ಮುದ್ದೆಯಾಗಿತ್ತು. ಒಳಗೆ ಉದ್ದನೆಯ ಮೇಜಿನ ಹಿಂದೆ ಮೂವರು. ನಡುವೆ ಕೂತಿದ್ದ ಹೆಂಗಸು ನೇಮಕಾತಿ ವಿಭಾಗದವರು. ಗೆಲುವಿನ ಮುಖ, ಕೈಯಲ್ಲಿ ಹಸಿರು ಪೆನ್ನು. ಎಡಕ್ಕೆ ಲ್ಯಾಪ್‌ಟಾಪಿನ ಹಿಂದೆ ಒಬ್ಬ ಯುವಕ; ಅವನ ಹಣೆ ಮಾತ್ರ ಕಾಣುತ್ತಿತ್ತು. ಬಲತುದಿಯಲ್ಲಿ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದು ಕೂತಿದ್ದ ವಯಸ್ಸಾದವರು ಏರಿಯಾ ಮ್ಯಾನೇಜರ್, ಇಪ್ಪತ್ತೆರಡು ಅಂಗಡಿಗಳನ್ನು ನೋಡಿಕೊಳ್ಳುವವರು, 'ನಮ್ಮಲ್ಲಿ ನೆಲ ಒರೆಸೋದರಿಂದ ಶುರುಮಾಡಿ ಇಲ್ಲಿಗೆ ಬಂದವರು' ಎಂದು ಹೆಂಗಸು ಪರಿಚಯಿಸಿದರು. ಅವರು ತಲೆಯಾಡಿಸಲೂ ಇಲ್ಲ. ಮೊದಲ ಪ್ರಶ್ನೆಗಳೆಲ್ಲ ಪುಸ್ತಕದವೇ. ಅವಳ ಉತ್ತರಗಳೂ ಪುಸ್ತಕದವೇ. ಹೇಳುತ್ತ ಹೇಳುತ್ತ ಹೆಂಗಸಿನ ಹಸಿರು ಪೆನ್ನು ಬರೆಯುವುದನ್ನು ನಿಲ್ಲಿಸಿ ಹಾಳೆಯ ಅಂಚಿನಲ್ಲಿ ಸಣ್ಣ ಸಣ್ಣ ಚೌಕ ಬಿಡಿಸತೊಡಗಿದ್ದನ್ನು ಕಂಡಳು. ಹಿಂದೆ ಬಂದವರೆಲ್ಲ ಇದನ್ನೇ ಹೇಳಿದ್ದಾರೆ. ಚೌಕಗಳು ಏಳಾದವು, ಎಂಟಾದವು. ಆಗ ಹೆಂಗಸು ತಲೆಯೆತ್ತದೆಯೇ ಹದಿನೇಳನೆಯ ಪ್ರಶ್ನೆ ಕೇಳಿದರು. ಬಸ್ಸು ಕೆಟ್ಟು ನಿಂತದ್ದನ್ನು ಹೇಳಲೆಂದೇ ಅವಳು ಬಾಯಿ ತೆರೆದಳು.

'ನಾನು ಓದ್ತಾ ಇದ್ದಾಗ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡ್ತಿದ್ದೆ ಮೇಡಂ' ಎಂಬ ಮಾತು ಹೊರಗೆ ಬಂತು. ಯಾರು ಆಡಿದರು ಎನ್ನುವಂತೆ ಅವಳೇ ಹಸಿರು ಪೆನ್ನಿನ ಕಡೆ ನೋಡಿದಳು. ಪೆನ್ನು ನಿಂತಿತ್ತು. ಅಷ್ಟೇ ಸಾಕಾಯಿತು. ಮಧ್ಯಾಹ್ನದ ಊಟದ ಗಂಟೆಗೆ ಹತ್ತು ನಿಮಿಷ ಇತ್ತು, ಎಂದಳು. ಪಾತ್ರೆ ತೊಳೆಯುವ ವಯಸ್ಸಾದ ಹೆಂಗಸು ಜಾರಿ, ಆಸರೆಗೆಂದು ಕೈ ಚಾಚಿ, ಕಾದ ಎಣ್ಣೆಯ ಬಾಣಲೆಯನ್ನೇ ಮೈಮೇಲೆ ಎಳೆದುಕೊಂಡಳು. ಚೆಲ್ಲಿದ ಎಣ್ಣೆ ಒಲೆಗೆ ತಾಕಿ ಬೆಂಕಿ ಎದ್ದಿತು. ಉಳಿದ ಮೂವರು ಬಾಗಿಲಿಗೆ ಓಡಿದರು. ನಾನು ಗ್ಯಾಸು ಬಂದ್ ಮಾಡಿದೆ. ಬೆಂಕಿಯ ಮೇಲೆ ದೊಡ್ಡ ತಟ್ಟೆ ಮುಚ್ಚಿದೆ. ಆ ಹೆಂಗಸನ್ನು ನಲ್ಲಿಯ ಕೆಳಗೆ ಎಳೆದುಕೊಂಡು ಹೋಗಿ ನೀರು ಬಿಟ್ಟೆ, ಇಪ್ಪತ್ತು ನಿಮಿಷ ಬಿಟ್ಟುಕೊಂಡೇ ಇದ್ದೆ. ಓಡಿಹೋದವರನ್ನು ಹೆಸರು ಹಿಡಿದು ಕೂಗಿ ವಾಪಸು ಕರೆದೆ. ನೀನು ಅನ್ನ ಬಡಿಸು, ನೀನು ಸಾರು, ನೀನು ಯಾರನ್ನೂ ಒಳಗೆ ಬಿಡಬೇಡ ಅಂದೆ. ಮುನ್ನೂರು ಜನ ಹೊರಗೆ ಉಂಡು ಎದ್ದರು. ಒಳಗೆ ಏನಾಯಿತು ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ಹೇಳುತ್ತಾ ಹೋದಂತೆ 'ನಾನು' ಎಂಬ ಮಾತು ಅವಳ ಬಾಯಲ್ಲಿ ದೊಡ್ಡದಾಗುತ್ತ ಹೋಯಿತು. ಅದಕ್ಕೆ ತೋಳು ಬಂತು, ಸೊಂಟ ಬಂತು, ಗದರಿಸುವ ದನಿ ಬಂತು. ಅಂಗಿ ಸದ್ದು ಮಾಡುವುದನ್ನು ಮರೆತೇಬಿಟ್ಟಿತ್ತು. ಕೊನೆಗೆ ಬಂದಾಗ ಮಾತ್ರ ಕಾಲಿಗೆ ಏನೋ ತೊಡರಿದಂತಾಯಿತು. ನಿಜದಲ್ಲಿ, ಅಕ್ಕ ಆಂಬುಲೆನ್ಸ್ ಕರೆಸಿದ್ದರಿಂದ ಸುದ್ದಿ ಕಾರ್ಖಾನೆಯ ಆಫೀಸಿಗೆ ಮುಟ್ಟಿ, ಕ್ಯಾಂಟೀನಿನ ಮಾಲೀಕ ಮರುದಿನ ಬೆಳಿಗ್ಗೆ ಗೇಟಿನಲ್ಲೇ ಅಕ್ಕನನ್ನು ತಡೆದು, 'ನನ್ನನ್ನ ಕೇಳದೆ ಯಾರು ಫೋನ್ ಮಾಡು ಅಂದ್ರು? ಇನ್ನು ಬರೋದು ಬೇಡ' ಎಂದಿದ್ದ. 'ಮಾಲೀಕರು ಎಲ್ಲರ ಮುಂದೆ ನನ್ನನ್ನ ಹೊಗಳಿದ್ರು ಮೇಡಂ' ಎಂದು ಅವಳು ಮುಗಿಸಿದಳು.

'ಇದನ್ನ ಫಾರ್ಮಿನಲ್ಲಿ ಬರೆದೇ ಇಲ್ವಲ್ಲಮ್ಮ!' ಎಂದರು ಹೆಂಗಸು. ಚೌಕಗಳ ಪಕ್ಕದಲ್ಲಿ ಹಸಿರು ಅಕ್ಷರಗಳು ಓಡುತ್ತಿದ್ದವು. 'ಪಾರ್ಟ್ ಟೈಮ್ ಕೆಲಸ ಮೇಡಂ. ಬರೆಯೋದು ಬೇಡ ಅಂದ್ಕೊಂಡೆ.' 'ಇಂಥದ್ದನ್ನೇ ಬರೀಬೇಕು' ಎಂದು ಹೆಂಗಸು ಯುವಕನ ಕಡೆ ನೋಡಿದರು. ಅವನ ಮುಖ ಮೊದಲ ಸಲ ಲ್ಯಾಪ್‌ಟಾಪಿನ ಮೇಲೆ ಪೂರ್ತಿಯಾಗಿ ಮೂಡಿತು.

ಆಗ ಬಲತುದಿಯಿಂದ ಏರಿಯಾ ಮ್ಯಾನೇಜರ್ ಕೇಳಿದರು: 'ನೆಲದ ಮೇಲೆ ಎಣ್ಣೆ ಚೆಲ್ಲಿತ್ತಲ್ಲ. ಅದನ್ನ ಏನು ಮಾಡಿದ್ರಿ?'

'ಒರೆಸಿದೆ ಸರ್.'

'ಯಾವಾಗ?'

'ಆಗಲೇ ಸರ್. ತಕ್ಷಣ.'

'ಯಾತರಲ್ಲಿ?'

'ಬಟ್ಟೇಲಿ. ನೀರು ಹಾಕಿ... ಬಟ್ಟೇಲಿ.'

ಅವರು ಅವಳನ್ನು ನೋಡಿದರು. ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಯಾವುದೋ ಊರಿಗೆ ಹೋಗಿಬಂದೆ ಎನ್ನುವವರನ್ನು ಆ ಊರಿನವನೇ ನೋಡುವ ಹಾಗೆ ನೋಡಿದರು. 'ಚಿಕ್ಕಪುಟ್ಟ ವಿವರ ಬಿಡಿ ಸಾರ್' ಎಂದರು ಹೆಂಗಸು ನಗುತ್ತ. 'ಹೌದು ಹೌದು' ಎಂದು ಅವರು ಮತ್ತೆ ಕುರ್ಚಿಗೆ ಒರಗಿದರು. ಅವಳಿಗೆ ಹೊರಗೆ ಬಂದಮೇಲೂ ಆ ನೆಲ ಕಾಲಿಗಂಟಿಕೊಂಡು ಬಂತು. ಅಕ್ಕ ನೆಲಕ್ಕೆ ಏನು ಮಾಡಿದಳು? ಹೇಳಿರಬೇಕು. ಅಂದು ಸಂಜೆ ಮೊಣಕೈವರೆಗೆ ಬಟ್ಟೆ ಸುತ್ತಿಕೊಂಡು ಬಂದ ಅಕ್ಕ ಒಂದೇ ಸಮನೆ ಮಾತಾಡುತ್ತಿದ್ದಳು. ಎಂದೂ ಹಾಗೆ ಮಾತಾಡಿದವಳಲ್ಲ. ಅಡುಗೆಕಟ್ಟೆಗೆ ಒರಗಿ ನಿಂತು, ಗಾಯವಾಗದ ಕೈಯನ್ನು ಗಾಳಿಯಲ್ಲಿ ಆಡಿಸುತ್ತ, ಹೀಗೆ ಬಿದ್ದಳು, ಹೀಗೆ ಎಳೆದೆ ಎಂದು ಮಾಡಿ ತೋರಿಸುತ್ತಿದ್ದಳು. ಮರುದಿನ ಇವಳಿಗೆ ಪರೀಕ್ಷೆ. ಅವಳು ಪುಸ್ತಕದ ಮೇಲೆ ಬೆರಳಿಟ್ಟು, ತುಟಿ ಆಡಿಸುತ್ತ, ನಾಯಕತ್ವದ ಏಳು ಲಕ್ಷಣಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನಾಲ್ಕನೆಯದು ಪದೇ ಪದೇ ಮರೆತುಹೋಗುತ್ತಿತ್ತು. ಅಕ್ಕನ ಮಾತಿನ ಸಂದಿಯಲ್ಲಿ 'ಹೂಂ' ಎನ್ನಬೇಕಾದಲ್ಲಿ ಹೂಂ ಎಂದಿದ್ದಳು. ಕೊನೆಕೊನೆಗೆ ಅಕ್ಕನ ದನಿ ತಗ್ಗಿ, 'ಸರಿ ಓದ್ಕೋ' ಎಂದದ್ದು ಈಗ ಕಿವಿಯಲ್ಲೇ ನುಡಿದಂತಾಯಿತು.

ಹನ್ನೊಂದರಲ್ಲಿ ಆರು ಜನ ಉಳಿದರು. ಆರು ಜನರನ್ನೂ ಊಟವಾದಮೇಲೆ ಕೆಳಗಿನ ಅಂಗಡಿಯ ಅಡುಗೆಮನೆಗೆ ಎರಡು ಗಂಟೆ ಕೆಲಸಕ್ಕೆ ಬಿಟ್ಟರು, ಜನ ಹೇಗೆ ಕೈಹಚ್ಚುತ್ತಾರೆಂದು ನೋಡುವುದಕ್ಕೆ. ಕಪ್ಪು ಟೋಪಿ, ಮೊಣಕಾಲಿನವರೆಗೆ ಬರುವ ಏಪ್ರನ್, ತೆಳ್ಳನೆಯ ಕೈಗವಸು. ಅವಳ ಪಾಲಿಗೆ ಬಂದದ್ದು ಆಲೂಗಡ್ಡೆ ಕರಿಯುವ ಜಾಗ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ಮಾತಿಲ್ಲದವಳು. ಜಾಲರಿ ಬುಟ್ಟಿಯನ್ನು ಎಣ್ಣೆಗಿಳಿಸಿ, ಗುಂಡಿ ಒತ್ತಿ, ಯಂತ್ರ ಕೂಗಿದಾಗ ಎತ್ತಿ ಕೊಡವಿ, ಉಪ್ಪು ಚಿಮುಕಿಸಿ, 'ಹೀಗೆ' ಎಂದಷ್ಟೇ ಹೇಳಿ ಜಾಗ ಬಿಟ್ಟಳು. ಹೀಗೆ ಎಂಬುದು ನೋಡುವುದಕ್ಕೆ ಸುಲಭ. ಅವಳು ಬುಟ್ಟಿ ಎತ್ತಿದರೆ ಎಣ್ಣೆ ಅಡ್ಡಾದಿಡ್ಡಿ ಸಿಡಿಯಿತು. ಉಪ್ಪು ಒಂದೇ ಕಡೆ ಗುಡ್ಡೆಯಾಗಿ ಬಿತ್ತು. ಮಾತಿಲ್ಲದ ಹೆಂಗಸು ಆ ರಾಶಿಯನ್ನು ಪೂರ್ತಿ ಕಸಕ್ಕೆ ಸುರಿದು, ಬೈಯದೆ, ನಿಟ್ಟುಸಿರೂ ಬಿಡದೆ, ಹೊಸದನ್ನು ಇಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಟೈ ಕಟ್ಟಿದ್ದವನು ಟೈಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಕೌಂಟರಿನಲ್ಲಿ ಗಿರಾಕಿಗಳ ಜೊತೆ ನಗುತ್ತಿದ್ದ. ಗಾಜಿನಾಚೆ ಒಂದು ಮಗು ಇವಳನ್ನೇ ದಿಟ್ಟಿಸುತ್ತಿತ್ತು. ಅವಳು ಕೈ ಬೀಸಿದಳು. ಮಗು ತಾಯಿಯ ಹಿಂದೆ ಅಡಗಿಕೊಂಡಿತು.

ಕೈಗವಸು ಬದಲಿಸಲೆಂದು ಹಿಂದಿನ ಉಗ್ರಾಣಕ್ಕೆ ಹೋದಾಗ ಏರಿಯಾ ಮ್ಯಾನೇಜರ್ ಅಲ್ಲಿ ರಟ್ಟಿನ ಪೆಟ್ಟಿಗೆಗಳ ಲೇಬಲ್ಲು ಓದುತ್ತ ನಿಂತಿದ್ದರು. ಓದುತ್ತಲೇ ಕೇಳಿದರು: 'ಆ ಹೆಂಗಸು ಯಾರಮ್ಮ?'

'ಯಾವ ಹೆಂಗಸು ಸರ್?'

'ನೆಲಕ್ಕೆ ಏನು ಹಾಕಿದ್ದು ಅಂತ ಗೊತ್ತಿರೋ ಹೆಂಗಸು.'

ಹಿಂದೆ ಶೀತಲ ಪೆಟ್ಟಿಗೆಯ ಮೋಟಾರು ಗುಂಯ್ ಎನ್ನುತ್ತಿತ್ತು. ಅವರು ಈಗ ಇವಳ ಕಡೆ ತಿರುಗಿ, ಪಕ್ಕದ ಮನೆಯವರ ಹಾಗೆ ಸಮಾಧಾನದಿಂದ ಮಾತಾಡಿದರು. 'ಹೆದರಬೇಡಿ. ಮೇಲಿನವರಿಗೆ ನಾನು ಏನೂ ಹೇಳಲ್ಲ. ಎಲ್ಲರೂ ಏನೋ ಒಂದು ಹೇಳ್ತಾರೆ ಇಂಟರ್‌ವ್ಯೂನಲ್ಲಿ, ನಾನೇ ಎಷ್ಟು ಹೇಳಿದ್ದೀನಿ. ಆದರೆ ನೀವು ಹೇಳಿದ್ದು ಕಟ್ಟುಕಥೆ ಅಲ್ಲ. ಯಾರೋ ಮಾಡಿದ್ದಾರೆ ಅದನ್ನ. ಈ ಅಂಗಡೀಲಿ ಬೆಳಗಿನ ಶಿಫ್ಟು ನೋಡ್ಕೊಳ್ಳೋಕೆ ನಂಗೆ ಅಂಥವರೊಬ್ಬರು ಬೇಕು. ಆರು ತಿಂಗಳಿಂದ ಹುಡುಕ್ತಿದ್ದೀನಿ. ಡಿಗ್ರಿ ಗಿಗ್ರಿ ಏನೂ ಬೇಕಾಗಿಲ್ಲ ಆ ಕೆಲಸಕ್ಕೆ. ಯಾರು ಅಂತ ಹೇಳಿ ಸಾಕು.'

ಹೇಳುವುದಕ್ಕೆ ಎರಡಕ್ಷರ ಸಾಕಿತ್ತು. ಆ ಎರಡಕ್ಷರ ಬಾಯಿಯ ತನಕ ಬಂದಿತ್ತು ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಆದರೆ ಬಂದಿತ್ತೋ ಇಲ್ಲವೋ ಯಾರಿಗೆ ಗೊತ್ತು. ಆ ಗಳಿಗೆಯಲ್ಲಿ ಅವಳಿಗೆ ನೆನಪಾದದ್ದು ಪುಸ್ತಕದ ಎಂಬತ್ತನೆಯ ಪುಟ: ಸಂದರ್ಶಕರು ಸ್ನೇಹದಿಂದ ಕೇಳುವ ಪ್ರಶ್ನೆಯೇ ಹೆಚ್ಚು ಅಪಾಯಕಾರಿ, ಹೇಳಿದ ಮಾತಿನಿಂದ ಹಿಂದೆ ಸರಿಯಬೇಡಿ. ಇದು ಬಲೆ. ಇವರ ನರೆತ ಹುಬ್ಬು, ಸವೆದ ಬೂಟು, ಈ ಮೆಲುದನಿ ಎಲ್ಲವೂ ಬಲೆ. ಒಪ್ಪಿಕೊಂಡರೆ ಮೇಲೆ ಹೋಗಿ ಹಸಿರು ಪೆನ್ನಿನ ಹೆಂಗಸಿಗೆ ಹೇಳುತ್ತಾರೆ, ಇಬ್ಬರೂ ನಗುತ್ತಾರೆ.

'ನಾನೇ ಸರ್ ಅದು' ಎಂದಳು.

'ನೀವೇನಾ?'

'ನಾನೇ.'

ಅವರು ಸ್ವಲ್ಪ ಹೊತ್ತು ಕಾದರು. ಅಷ್ಟು ಹೊತ್ತು ಯಾರೂ ಅವಳಿಗಾಗಿ ಕಾದದ್ದಿಲ್ಲ. ಆಮೇಲೆ 'ಆಯ್ತು' ಎಂದು ಸಿಂಕಿನ ಹತ್ತಿರ ಹೋಗಿ, ಬೆರಳ ಸಂದುಗಳನ್ನೂ ಬಿಡದೆ ನಿಧಾನವಾಗಿ ಕೈ ತೊಳೆದುಕೊಂಡು ಹೊರಟುಹೋದರು.

ಸಂಜೆ ಹಸಿರು ಪೆನ್ನಿನ ಹೆಂಗಸು ಇಬ್ಬರ ಹೆಸರು ಓದಿದರು. ಒಂದು ಟೈ ಹುಡುಗನದು, ಇನ್ನೊಂದು ಅವಳದು. ಸೋಮವಾರದಿಂದ ಮ್ಯಾನೇಜರ್ ಕೆಲಸದ ತರಬೇತಿ, ಮೊದಲ ಆರು ತಿಂಗಳು ಇದೇ ಅಂಗಡಿ. ಟೈ ಹುಡುಗ ಅವಳ ಕೈ ಹಿಡಿದು ಜೋರಾಗಿ ಕುಲುಕಿ, ಮೆಟ್ಟಿಲಿಳಿಯುತ್ತಲೇ ಫೋನಿನಲ್ಲಿ 'ಅಮ್ಮಾ, ಆಯ್ತು! ಆಯ್ತಮ್ಮ!' ಎಂದು ಕೂಗತೊಡಗಿದ. ಆಮೇಲೆ ಅಪ್ಪ, ಆಮೇಲೆ ಇನ್ಯಾರೋ ಮಾವ. ಅವಳೂ ಫೋನು ಕೈಗೆತ್ತಿಕೊಂಡಳು. ಅಕ್ಕನ ಫೋನು ಕೆಲಸ ಬಿಡುವ ತನಕ ಲಾಂಡ್ರಿಯ ಕಪಾಟಿನಲ್ಲಿರುತ್ತದೆ. ಅಮ್ಮನ ಹೆಸರು ಪಟ್ಟಿಯಲ್ಲಿ ಇನ್ನೂ ಇತ್ತು. ಸತ್ತು ನಾಲ್ಕು ವರ್ಷವಾದ ಮೇಲೂ ಅಳಿಸಿರಲಿಲ್ಲ. ಕೆಳಗೆ ಹೋದಂತೆಲ್ಲ ಕಾಲೇಜಿನ ಹುಡುಗಿಯರ ಹೆಸರುಗಳು. ಇವರಿಗೆ ಏನೆಂದು ಹೇಳುವುದು? ಹೇಗೆ ಸಿಕ್ಕಿತು ಎಂದು ಕೇಳಿದರೆ? ಟೈ ಹುಡುಗನ ದನಿ ಕೇಳದಷ್ಟು ದೂರ ಹೋಗುವವರೆಗೂ ಸುಮ್ಮನೆ ಫೋನನ್ನು ಕಿವಿಗಿಟ್ಟುಕೊಂಡು, ಯಾರದೋ ಮಾತು ಕೇಳಿಸಿಕೊಳ್ಳುವವಳಂತೆ ತಲೆಯಾಡಿಸುತ್ತ ನಡೆದಳು. ಬಸ್ ಸ್ಟಾಪಿನಲ್ಲಿ ಪಕ್ಕಕ್ಕೆ ನಿಂತಿದ್ದ ಮುದುಕಿ 'ಗಂಟೆ ಎಷ್ಟಾಯ್ತಮ್ಮ?' ಎಂದು ಕೇಳಿದಾಗ ಅವಳು ಹೇಳಿದಳು. ಮುದುಕಿ ಇನ್ನೊಂದು ಮಾತು ಕೇಳಬಹುದೆಂದು ಕಾದಳು. ಮುದುಕಿಯ ಬಸ್ಸು ಬಂತು. ತನ್ನ ಬಸ್ಸು ಎರಡು ಹೋದರೂ ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿದಳು, ಹತ್ತಿ ಕಿಟಕಿಯ ಗಾಜಿನಲ್ಲಿ ಕಂಡ ಮುಖ ಗೆದ್ದುಬಂದವಳ ಮುಖದ ಹಾಗಿದೆಯೇ ಎಂದು ಹಲ್ಲು ಬಿಟ್ಟು ನೋಡಿಕೊಂಡಳು.

ಅವರಿದ್ದದ್ದು ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಅಕ್ಕ ಆಗಲೇ ಬಂದು ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು. ಇವಳ ಮುಖ ಕಂಡದ್ದೇ ಚಾಕು ಕೆಳಗಿಟ್ಟು ಎದ್ದಳು. 'ಹೇಳೇ!' ಎಂದಳು. 'ಆಯ್ತು ಅಕ್ಕ' ಎಂದಳು ಇವಳು. ಅಕ್ಕ ಒಂದು ಕೂಗು ಹಾಕಿದಳು. ಕೆಳಗೆ ಸುತ್ತಿಗೆಯ ಸದ್ದು ನಿಂತೇಹೋಯಿತು. 'ಮ್ಯಾನೇಜರ್ರು! ನಮ್ಮನೇಲಿ ಮ್ಯಾನೇಜರ್ರು!' ಎಂದು ಅವಳನ್ನು ಅವುಚಿ ನೆಲದಿಂದ ಎತ್ತಿಯೇಬಿಟ್ಟಳು. ಅಂಗಿಯ ಗಂಜಿ ಕಟಕಟ ಮುರಿಯಿತು. 'ಕೂತ್ಕೋ, ಎಲ್ಲ ಹೇಳು. ಏನೇನು ಕೇಳಿದ್ರು? ಆ ನಿನ್ನ ಹದಿನೇಳನೇದು ಕೇಳಿದ್ರಾ?'

'ಕೇಳಿದ್ರು.'

'ಬಸ್ಸಿನ ಕಥೆ ಹೇಳಿದ್ಯಾ?'

'ಹೂಂ.'

'ಅಯ್ಯೋ, ಅದರಲ್ಲೇನಿದೆ ಮಣ್ಣು! ನನ್ನ ಎಣ್ಣೆ ಕಥೆ ಹೇಳೋದಲ್ವೇನೆ? ನಾನೇ ನಿಂಗೆ ಬೆಳಿಗ್ಗೆ ಹೇಳಬೇಕು ಅಂತಿದ್ದೆ, ಬಸ್ಸು ಬಂದುಬಿಡ್ತು. ನಿಂದೇ ಅಂತ ಹೇಳಿದ್ರೆ ಯಾರು ಬಂದು ನೋಡ್ತಿದ್ರು? ನಂಗಂತೂ ಅದು ಯಾವ ಉಪಯೋಗಕ್ಕೂ ಬರಲಿಲ್ಲ, ನಿಂಗಾದ್ರೂ ಬರ್ತಿತ್ತು.' ಅಕ್ಕ ಮತ್ತೆ ಚಾಕು ಹಿಡಿದು ಕೂತಳು. ಆಲೂಗಡ್ಡೆಯ ಸಿಪ್ಪೆ ಅವಳ ಬೆರಳ ಕೆಳಗಿನಿಂದ ಎಲ್ಲೂ ಕಡಿಯದೆ ಉದ್ದಕ್ಕೆ ಇಳಿಯುತ್ತಿತ್ತು. ಇವಳು ಬಾಗಿಲಿಗೆ ಒರಗಿ ನಿಂತೇ ಇದ್ದಳು. ಕೇಳದೆ ಎತ್ತಿಕೊಂಡದ್ದನ್ನು ಅಕ್ಕ ಮೊದಲೇ ಕೊಟ್ಟುಬಿಟ್ಟಿದ್ದಳು. ಎತ್ತಿಕೊಂಡ ಪಾಪವೂ ಇಲ್ಲದ ಹಾಗಾಯಿತು. ಉಳಿದದ್ದು ಇನ್ನೊಂದು, ಉಗ್ರಾಣದ್ದು. ಅದಕ್ಕೆ ಅಕ್ಕನ ಬಳಿಯೂ ಮಾಫಿಯಿರಲಾರದು, ಯಾಕೆಂದರೆ ಅದು ಅಕ್ಕನಿಗೆ ಗೊತ್ತೇ ಇಲ್ಲ. ಗೊತ್ತಾಗದೆಯೇ ಇರಲೂಬಹುದು. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತಿಗೆ ಎಲ್ಲ ಮುಗಿಯುತ್ತದೆ.

'ಅಕ್ಕಾ, ಅವತ್ತು ನೆಲದ ಮೇಲೆ ಎಣ್ಣೆ ಚೆಲ್ಲಿತ್ತಲ್ಲ. ಅದನ್ನ ಏನು ಮಾಡಿದೆ?'

'ಉಪ್ಪು ಸುರಿದೆ. ಇಡೀ ಮೂಟೆ. ಇನ್ನೊಬ್ಬರು ಜಾರಿದ್ರೆ ಗತಿ ಏನು? ಹೇಳಿದ್ನಲ್ಲ ಅವತ್ತೇ, ಉಗ್ರಾಣದವನು ಉಪ್ಪು ಹೋಯ್ತು ಅಂತ ಬಾಯಿ ಬಡ್ಕೊಂಡಿದ್ದು?'

'ಹೇಳಿದ್ಯಾ?'

'ಹೇಳ್ದೆ. ನೀನು ಹೂಂ ಅಂದೆ.' ಚಾಕು ನಿಂತಿತು. 'ಯಾಕೆ ಕೇಳ್ತಿದ್ದೀಯ?'

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಹೇಳುವಾಗ ಅಕ್ಕನ ಮುಖ ನೋಡಲಾರದೆ ಸಿಪ್ಪೆಯ ರಾಶಿಯನ್ನು ನೋಡಿದಳು. ಎಣ್ಣೆ ಕಥೆಯನ್ನೇ ಹೇಳಿದೆ ಎಂದಾಗ ಅಕ್ಕ 'ಮತ್ತೆ ಬಸ್ಸು ಅಂದೆ!' ಎಂದು ನಕ್ಕಳು. ಮಾಲೀಕರು ಹೊಗಳಿದರು ಎಂದು ಮುಗಿಸಿದೆ ಎಂದಾಗ ಇನ್ನೂ ಜೋರಾಗಿ ನಕ್ಕಳು. ಉಗ್ರಾಣದ ಮಾತು ಬಂದಾಗ ನಗು ನಿಂತಿತು. ಟೈರ್ ಅಂಗಡಿಯವನು ಮತ್ತೆ ಸುತ್ತಿಗೆ ಬಡಿಯತೊಡಗಿದ್ದ.

'ಯಾವ ಶಿಫ್ಟು ಅಂದ್ರು?'

'ಬೆಳಗಿಂದು.'

'ನೋಡ್ಕೊಳ್ಳೋಕೆ ಅಂದ್ರಾ? ಬರೀ ಕರಿಯೋಕೆ, ಬಡಿಸೋಕೆ ಅಲ್ಲ?'

'ನೋಡ್ಕೊಳ್ಳೋಕೆ.'

'ಓದು ಬೇಡ ಅಂದ್ರು.'

'ಹೂಂ.'

'ನಾನೇ ಅಂತ ಎಷ್ಟು ಸಲ ಅಂದೆ? ಒಂದು ಸಲವೋ, ಎರಡು ಸಲವೋ?'

'ಎರಡು ಸಲ.'

ಅಕ್ಕ ಸುಲಿದ ಆಲೂಗಡ್ಡೆಗಳನ್ನು ಒಂದೊಂದಾಗಿ ನೀರಿಗೆ ಹಾಕಿದಳು. ಎದ್ದು ಮುಖಕ್ಕೆ ಸೋಪು ಹಚ್ಚಿ ತೊಳೆದಳು. ಲಾಂಡ್ರಿಯ ನೀಲಿ ಅಂಗಿ ಬಿಚ್ಚಿ, ಅಮ್ಮನ ಕಾಲದ ಪೆಟ್ಟಿಗೆಯಿಂದ ಒಳ್ಳೆಯದೊಂದನ್ನು ತೆಗೆದು ತೊಟ್ಟಳು. 'ಅವರು ಎಷ್ಟು ಹೊತ್ತಿನ ತನಕ ಇರ್ತಾರೆ ಅಲ್ಲಿ?' ಎಂದು ಕನ್ನಡಿಯೊಳಗಿನಿಂದಲೇ ಕೇಳಿದಳು. 'ಗೊತ್ತಿಲ್ಲ. ನಾನೂ ಬರ್ತೀನಿ ಅಕ್ಕ.' 'ಬೇಡ. ನೀನು ಬಂದ್ರೆ ಕೆಡುತ್ತೆ' ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಇವಳು ಆ ದನಿಯಲ್ಲಿ ಕೋಪವನ್ನು ಹುಡುಕಿದಳು. ಸಿಕ್ಕಿದ್ದರೆ ಹಿಡಿದುಕೊಂಡು ಅಳಬಹುದಿತ್ತು.

ಕೋಣೆಯಲ್ಲಿ ಒಬ್ಬಳೇ ಉಳಿದಾಗ ಮೊದಲು ಸಿಪ್ಪೆಗಳನ್ನು ಬಳಿದು ಬುಟ್ಟಿಗೆ ಹಾಕಿದಳು. ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಅಕ್ಕ ಈಗ ಬಸ್ಸಿನಲ್ಲಿ ಇರುತ್ತಾಳೆ. ಈಗ ಇಳಿದಿರುತ್ತಾಳೆ. ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಒಂದು ಕ್ಷಣ ನಿಂತಿರುತ್ತಾಳೆ. ಏನೆಂದು ಹೇಳುತ್ತಾಳೆ? ಅದು ನಾನು, ಆ ಹುಡುಗಿ ಸುಳ್ಳು ಹೇಳಿದಳು ಎಂದರೆ ಸೋಮವಾರ ಇಲ್ಲ, ತರಬೇತಿ ಇಲ್ಲ, ಪುಸ್ತಕ ವಾಪಸು ಕೊಟ್ಟು ಇನ್ನೊಂದು ಪುಸ್ತಕ ತರಬೇಕು. ಆಗಲಿ, ಹಾಗೇ ಆಗಲಿ, ಅದೇ ಸರಿ ಎಂದುಕೊಂಡಳು. ಅಂದುಕೊಂಡದ್ದು ತನಗೇ ಚಂದವಾಗಿ ಕೇಳಿಸಿತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಆಸೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡುತ್ತಿತ್ತು: ಬಸ್ಸು ತಡವಾಗಲಿ, ಆ ಮನುಷ್ಯ ಮನೆಗೆ ಹೋಗಿಬಿಟ್ಟಿರಲಿ, ಅಕ್ಕ ಗಾಜಿನ ಬಾಗಿಲಲ್ಲೇ ಹೆದರಿ ಹಿಂದಿರುಗಲಿ. ಅವಳು ಅದನ್ನು ಅಟ್ಟಿದಳು. ಅದು ಮಂಚದ ಕೆಳಗೆ ಹೋಗಿ ಕೂತಿತು. ತನಗಾಗಿ ಗಂಜಿ ಹಾಕಿ ಅಂಗಿ ತಂದವಳಿಗೆ ಒಂದು ಕೆಲಸ ಸಿಗದಿರಲಿ ಎಂದು ಹಾರೈಸುತ್ತ ಕೂತಿದ್ದೇನಲ್ಲ, ನಾನು ಎಂಥವಳು ಎಂದು ಕೇಳಿಕೊಂಡಳು. ಈ ಪ್ರಶ್ನೆ ನೂರರಲ್ಲಿ ಇರಲಿಲ್ಲ. ಕೆಳಗೆ ಶಟರು ಎಳೆದ ಸದ್ದಾಯಿತು. ದೀಪ ಹಾಕುವುದು ನೆನಪಾಗಿ ಎದ್ದು ಹಾಕಿದಳು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗ ಅವಳು ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ಅಕ್ಕ ಒಳಗೆ ಬಂದು ಚಪ್ಪಲಿ ಬಿಟ್ಟಳು.

'ಸಿಕ್ಕಿದ್ರಾ?'

'ಸಿಕ್ಕಿದ್ರು. ಕೆಲಸವೂ ಸಿಕ್ತು.' ಅಕ್ಕ ಮಡಚಿದ ಒಂದು ಕಾಗದವನ್ನು ಪೆಟ್ಟಿಗೆಯೊಳಗೆ ಬಟ್ಟೆಗಳ ಕೆಳಗೆ ಇಟ್ಟಳು. 'ಎಣ್ಣೆ ಚೆಲ್ಲಿದ್ದ ಕ್ಯಾಂಟೀನಿನವಳು ನಾನು ಅಂದೆ. ನೆಲಕ್ಕೆ ಏನು ಹಾಕಿದ್ರಿ ಅಂದ್ರು. ಉಪ್ಪು ಅಂದೆ. ಕೂತ್ಕೊಳ್ಳಿ ಅಂದ್ರು. ಅಷ್ಟೇ.'

'ನನ್ನ ವಿಷಯ?'

'ಕೇಳಿದ್ರು. ಆ ಹುಡುಗಿ ನಿಮಗೆ ಏನಾಗಬೇಕು ಅಂದ್ರು.'

'ಏನಂದೆ?'

'ಏನೂ ಆಗಬೇಕಾಗಿಲ್ಲ ಅಂದೆ. ಕ್ಯಾಂಟೀನಿನಲ್ಲಿ ಸ್ವಲ್ಪ ದಿನ ಕೆಲಸಕ್ಕಿದ್ಲು, ಅವತ್ತು ಅವಳೂ ಇದ್ಲು, ಹೆದರಿಕೆಯಲ್ಲಿ ಯಾರು ಏನು ಮಾಡಿದ್ರು ಅಂತ ಅವಳಿಗೆ ನೆನಪಿರಲಿಕ್ಕಿಲ್ಲ ಅಂದೆ. ಮುಖಪರಿಚಯ, ಅಷ್ಟೇ ಅಂದೆ.'

'ನಂಬಿದ್ರಾ?'

'ನಮ್ಮಿಬ್ಬರ ಮೂಗು ನೋಡಿದವರು ಯಾರು ನಂಬ್ತಾರೆ? ನನ್ನ ಮುಖಾನೇ ನೋಡಿದ್ರು. ನೋಡಿ ಕಾಗದ ಮುಂದಿಟ್ರು. ನಿಮ್ಮ ಸಂಬಂಧಿಕರು ಯಾರಾದ್ರೂ ಕಂಪನೀಲಿ ಇದ್ದಾರಾ ಅಂತ ಇತ್ತು ಅದರಲ್ಲಿ. ಇದ್ರೆ ಒಂದೇ ಅಂಗಡಿಗೆ ಹಾಕಲ್ವಂತೆ. ಇಲ್ಲ ಅಂತ ಬರೆದು ಸೈನ್ ಮಾಡಿದೆ.' ಅಕ್ಕ ಕೈ ತೊಳೆದು ಟವೆಲಿಗೆ ಒರೆಸಿಕೊಂಡಳು. 'ಸೋಮವಾರದಿಂದ. ಬೆಳಿಗ್ಗೆ ಆರಕ್ಕೆ. ನೀನು ಎಷ್ಟಕ್ಕೆ?'

'ಒಂಬತ್ತಕ್ಕೆ.'

'ಹಾಗಾದ್ರೆ ಬಸ್ಸೂ ಬೇರೆ ಆಯ್ತು. ಒಳ್ಳೇದೇ ಆಯ್ತು. ಅಲ್ಲಿ ಅಕ್ಕ ಗಿಕ್ಕ ಅಂತ ಬಾಯಿ ತಪ್ಪಿ ಅಂದುಬಿಟ್ಟೀಯ, ಇಬ್ಬರದೂ ಹೋಗುತ್ತೆ.'

ಅವಳು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎನ್ನಬಹುದಿತ್ತು, ಅಕ್ಕನ ಕೈ ಹಿಡಿದುಕೊಳ್ಳಬಹುದಿತ್ತು. ಮನಸ್ಸು ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟಿತು. ಅಷ್ಟರಲ್ಲಿ ಅಕ್ಕ ಆಲೂಗಡ್ಡೆಯ ಪಾತ್ರೆ ಎತ್ತಿಕೊಂಡು ಒಲೆಯ ಕಡೆ ಬಂದಳು. ಅವಳು ದಾರಿಗೆ ಅಡ್ಡವಾಗಿ ನಿಂತಿದ್ದಳು.

'ಸ್ವಲ್ಪ ಆ ಕಡೆ ಜರುಗಿ ಮೇಡಂ' ಎಂದಳು ಅಕ್ಕ.

ಅಕ್ಕ ಈಗ ನಗುತ್ತಾಳೆಂದು ಅವಳು ಕಾದಳು. ಅಕ್ಕ ಪಾತ್ರೆ ಹಿಡಿದುಕೊಂಡು, ಅವಳು ಜರುಗುವುದನ್ನೇ ಕಾಯುತ್ತ ನಿಂತಿದ್ದಳು. ಅವಳು ಜರುಗಿದಳು.